ಹಳೆಯ ಕಂಪ್ಯೂಟರಿನ ಪವರ್ ಪೆಟ್ಟಿಗೆಯೂ ಔಷಧ ಪಂಪಿನ ಬ್ಯಾಟರಿಯೂ



ಸಂಘದ ಕಾರ್ಯಾಲಯಕ್ಕೆ ಹೊಸ ಕಂಪ್ಯೂಟರು ಬಂದ ಮೇಲೆ ಹಳೆಯವು ಅಡಿಕೆ ಚೀಲಗಳ ಹಿಂದೆ ಮೂಲೆ ಸೇರಿವೆ. ಅಂದಿನಿಂದ ಸದಸ್ಯರಲ್ಲಿ ಕೆಲವರು, ವಿಶೇಷವಾಗಿ ಅವರ ಮನೆಯ ಕಾಲೇಜು ಹುಡುಗರು, "ಸರ್, ಅದರೊಳಗಿನ ಎಸ್.ಎಂ.ಪಿ.ಎಸ್. ಕೊಡ್ರಿ, ಪಂಪಿನ ಬ್ಯಾಟರಿ ಚಾರ್ಜು ಮಾಡಿಕೋತೀವಿ" ಎಂದು ಕೇಳುತ್ತಲೇ ಇದ್ದಾರೆ. ಕೊಡಲು ಅಡ್ಡಿಯೇನೂ ಇಲ್ಲ. ಆದರೆ ಕೊಟ್ಟ ಪೆಟ್ಟಿಗೆಯಿಂದ ಯಾರಿಗಾದರೂ ಶಾಕ್ ಹೊಡೆದರೆ, ಇಲ್ಲವೇ ಒಳ್ಳೆಯ ಬ್ಯಾಟರಿಯೊಂದು ಕೆಟ್ಟರೆ, ಆ ಮಾತು ಕಾರ್ಯದರ್ಶಿಯ ಕೊರಳಿಗೇ ಬರುತ್ತದೆ. ಆದಕಾರಣ ನಾವು ಸ್ವತಃ ಮಾಡಿ, ಒಮ್ಮೆ ಕೆಡಿಸಿಕೊಂಡು, ಆಮೇಲೆ ಸರಿಪಡಿಸಿದ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇವೆ. ಓದಿದ ಮೇಲೆಯೇ ಪೆಟ್ಟಿಗೆ ಒಯ್ಯಬೇಕೆಂದು ವಿನಂತಿ.

ಮೊದಲು ಕೆಡಿಸಿಕೊಂಡ ಕಥೆ. 2019ರ ಮೇ ತಿಂಗಳ ಕೊನೆ. ದುಮ್ಮವಾಡದ ನಮ್ಮ ತೋಟದಲ್ಲಿ ಅಡಿಕೆ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗೆ ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆಯಬೇಕಾಗಿತ್ತು. ಬೆನ್ನಿಗೆ ಕಟ್ಟುವ 16 ಲೀಟರಿನ ಬ್ಯಾಟರಿ ಪಂಪಿನ ಜೊತೆ ಬಂದಿದ್ದ ಚಾರ್ಜರು ಸಿಡಿಲಿನ ದಿನ ಸುಟ್ಟುಹೋಗಿತ್ತು. ಹಳೆಯ ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ತಂದು, ಅದರ 12 ವೋಲ್ಟಿನ ಹಳದಿ ತಂತಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಕರಿ ತಂತಿಯನ್ನು ಮೈನಸ್ಸಿಗೂ ಕೂಡಿಸಿ, ಬ್ಯಾಟರಿಯೂ 12, ಪೆಟ್ಟಿಗೆಯೂ 12, ಇನ್ನೇನು ಬೇಕು ಎಂದು ಮಲಗಿದೆವು. ಆ ರಾತ್ರಿಯೇ ಗಾಳಿಮಳೆಗೆ ಮರ ಬಿದ್ದು ಲೈನು ಹರಿಯಿತು. ಮರುದಿನವೆಲ್ಲ ನಾವು ಧಾರವಾಡದಲ್ಲಿ. ಮೂರನೆಯ ದಿನ ಮುಂಜಾನೆ ಆಳುಗಳು ಬಂದು ಡ್ರಮ್ಮಿನಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ದ್ರಾವಣ ಸಿದ್ಧಮಾಡಿದರು. ಬ್ಯಾಟರಿ ತರಲು ಒಳಗೆ ಹೋದರೆ ಒಂದು ವಿಚಿತ್ರ ಕಂಡಿತು. ಮನೆಯಲ್ಲಿ ಎಲ್ಲೂ ದೀಪವಿಲ್ಲ, ಆದರೆ ಪೆಟ್ಟಿಗೆಯ ಫ್ಯಾನು ಮೆಲ್ಲಗೆ ತಿರುಗುತ್ತಿದೆ! ದೆವ್ವದ ಕೆಲಸವೆಂದು ಮನೆಯವರು ನಕ್ಕರು. ನಾವೂ ನಕ್ಕೆವು; ನಗುವ ಹೊತ್ತಲ್ಲ ಅದೆಂದು ಆಗ ತಿಳಿಯಲಿಲ್ಲ. ತುಂಬಬೇಕಾದ ಬ್ಯಾಟರಿಯೇ ಒಂದೂವರೆ ದಿನದಿಂದ ಹಿಮ್ಮುಖವಾಗಿ ಆ ಫ್ಯಾನನ್ನು ತಿರುಗಿಸುತ್ತ ಬರಿದಾಗಿತ್ತು.

ಎರಡನೆಯ ಟ್ಯಾಂಕಿನ ಅರ್ಧಕ್ಕೆ ಪಂಪು ನಿಂತಿತು. ಬೋರ್ಡೋ ದ್ರಾವಣ ಅಂದಿನದು ಅಂದೇ ಮುಗಿಯಬೇಕು, ಇಟ್ಟರೆ ಕೆಡುತ್ತದೆ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ನೆರೆಯವರ ಕೈಪಂಪು ತರಿಸುವಷ್ಟರಲ್ಲಿ ಮಧ್ಯಾಹ್ನ. ಮೂರು ಗಂಟೆಗೆ ಮಳೆ. ಇಳಿಜಾರಿನ ಕೆಳಗಿನ ಸಾಲುಗಳಿಗೆ ಔಷಧ ಬೀಳಲಿಲ್ಲ. ಆ ಮಳೆಗಾಲ ಅಲ್ಲಿಯೇ 11 ಬಳ್ಳಿ ಸೊರಗಿ ಹೋದವು. ಕೆಳಗೆ ನೀರು ನಿಲ್ಲುವುದೂ ಒಂದು ಕಾರಣವೇ, ಎಲ್ಲವನ್ನೂ ಬ್ಯಾಟರಿಯ ಮೇಲೆ ಹಾಕಲಾರೆವು. ಆದರೂ ಏಳು ವರ್ಷ ಬೆಳೆಸಿದ ಬಳ್ಳಿ ಕಣ್ಣಮುಂದೆ ಎಲೆ ಉದುರಿಸಿ ನಿಂತಾಗ, ಆ ತಿರುಗುವ ಫ್ಯಾನೇ ನೆನಪಾಗುತ್ತಿತ್ತು.

ಆದ ತಪ್ಪು ಏನು? ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವಾಗ ಬಾಯಿಪಾಠ ಮಾಡಿದ್ದ ಸೀಸದ ಕೋಶವನ್ನು ನಾವು ಮರೆತಿದ್ದೆವು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಈ ಕೋಶವೇ ಇಂದಿಗೂ ನಮ್ಮ ಬಹುಪಾಲು ಪಂಪುಗಳಲ್ಲಿದೆ. 12 ವೋಲ್ಟಿನ ಬ್ಯಾಟರಿಯೆಂದರೆ ಅಂಥ ಆರು ಕೋಶಗಳ ಸಾಲು. ಹೆಸರಿಗೆ 12, ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ ಅದು 12.7 ವೋಲ್ಟಿನಷ್ಟು ತೋರಿಸುತ್ತದೆ. ದುಮ್ಮವಾಡದವರಿಗೆ ನೀರಸಾಗರ ದಿನಾಲು ಕಣ್ಣೆದುರಿಗೇ ಇರುವುದರಿಂದ ನೀರಿನ ಉದಾಹರಣೆಯನ್ನೇ ಕೊಡುತ್ತೇವೆ. ಎರಡು ಕೆರೆಗಳ ನಡುವೆ ಕಾಲುವೆ ತೋಡಿದರೆ, ಮೇಲಿನದರಿಂದ ಕೆಳಗಿನದಕ್ಕೆ ನೀರು ಹರಿಯುವುದು ಮಟ್ಟ ಸಮವಾಗುವ ತನಕ ಮಾತ್ರ. ಪೆಟ್ಟಿಗೆಯ ಮಟ್ಟ 12. ಬ್ಯಾಟರಿ ತುಂಬಬೇಕಾದ ಮಟ್ಟ ಅದಕ್ಕಿಂತ ಮೇಲೆ. ಆದ್ದರಿಂದ ಬ್ಯಾಟರಿ ಅರ್ಧಕ್ಕಿಂತಲೂ ಕೆಳಗೇ ನಿಂತುಬಿಡುತ್ತದೆ. ಅದನ್ನು ನಿಜವಾಗಿ ತುಂಬಿಸಲು ಕೋಶಕ್ಕೆ 2.4ರಂತೆ ಸುಮಾರು 14.4 ವೋಲ್ಟಿನ ಒತ್ತಡ ಬೇಕು. ಅರೆಹೊಟ್ಟೆಯಲ್ಲಿಯೇ ದಿನಗಟ್ಟಲೆ ಇಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಹಿಂದಿನ ಬಲಕ್ಕೆ ಬರುವುದಿಲ್ಲ. ಇನ್ನು ಲೈನು ಹೋದಾಗ ಕಾಲುವೆಯಲ್ಲಿ ನೀರು ಹಿಂದಕ್ಕೆ ಹರಿಯಿತು. ಅದನ್ನು ತಡೆಯುವ ಬಾಗಿಲು ಅಲ್ಲಿರಲಿಲ್ಲ.

ಹಾಗಾದರೆ ಈ ಪೆಟ್ಟಿಗೆ ನಿರುಪಯೋಗಿಯೇ? ಅಲ್ಲ. ಅದು ಚಾರ್ಜರು ಅಲ್ಲ, ಚಾರ್ಜರಿಗೆ ಬೇಕಾದ ಮೂಲ. ಪೆಟ್ಟಿಗೆಗೂ ಬ್ಯಾಟರಿಗೂ ನಡುವೆ ಒಂದು ನಿಜವಾದ ಚಾರ್ಜರನ್ನು ಇಟ್ಟರೆ ಕೆಲಸ ಸರಿಯಾಗುತ್ತದೆ. ಮಾದರಿ ವಿಮಾನ, ಡ್ರೋನು ಹಾರಿಸುವ ಹವ್ಯಾಸಿಗಳು ಬಳಸುವ ಅಂಗೈಯಗಲದ ಚಾರ್ಜರುಗಳು ಈಗ ಎಲ್ಲ ಕಡೆ ಸಿಗುತ್ತವೆ. ಸಣ್ಣ ಪರದೆ, ನಾಲ್ಕು ಗುಂಡಿ. ಅವುಗಳಲ್ಲಿ ಅನೇಕವು ನೇರ 230 ವೋಲ್ಟಿಗೆ ಕೂಡುವಂಥವಲ್ಲ. 11ರಿಂದ 18 ವೋಲ್ಟಿನ ನೇರ ವಿದ್ಯುತ್ತನ್ನು ಕೇಳುತ್ತವೆ. ಅದನ್ನು ಕೊಡುವುದೇ ನಮ್ಮ ಪೆಟ್ಟಿಗೆಯ ಕೆಲಸ. ಒತ್ತಡವನ್ನು 14.4ಕ್ಕೆ ಏರಿಸುವುದು, ಬ್ಯಾಟರಿ ತುಂಬುತ್ತ ಬಂದಂತೆ ಪ್ರವಾಹವನ್ನು ಇಳಿಸುವುದು, ತುಂಬಿದಾಗ ನಿಲ್ಲಿಸಿ ಕೂಗುವುದು, ಇವೆಲ್ಲ ಚಾರ್ಜರಿನ ಪಾಲು.

ಈಗ ಪೆಟ್ಟಿಗೆಯ ಆಯ್ಕೆ. 1995ರಲ್ಲಿ ಇಂಟೆಲ್ ಕಂಪನಿ ರೂಪಿಸಿದ ಎ.ಟಿ.ಎಕ್ಸ್. ಎಂಬ ಮಾದರಿಯ ಪೆಟ್ಟಿಗೆಗಳೇ ನಮಗೆ ಸಿಗುವಂಥವು. ತಂತಿಯ ಬಣ್ಣಗಳು ಗೊತ್ತುಮಾಡಿದಂತೆ ಇರುತ್ತವೆ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕರಿ ಎಲ್ಲಕ್ಕೂ ಸಾಮಾನ್ಯವಾದ ಮೈನಸ್. ಹಸಿರು ಒಂದೇ ಒಂದು ಇರುತ್ತದೆ. ಅದೇ ಪೆಟ್ಟಿಗೆಯನ್ನು ಚಾಲೂ ಮಾಡುವ ತಂತಿ. ನೇರಳೆ ತಂತಿಯಲ್ಲಿ ಪ್ಲಗ್ ಹಾಕಿದೊಡನೆ ಸದಾ 5 ವೋಲ್ಟ್ ಇರುತ್ತದೆ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಜೋಡಣೆ ಬೇರೆ ಇರುವುದುಂಟು, ಕೆಲವದರಲ್ಲಿ ತಂತಿಗಳೆಲ್ಲ ಕರಿಯವೇ. ಅಂಥವನ್ನು ಬಿಟ್ಟುಬಿಡುವುದೇ ಲೇಸು. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ನೋಡಬೇಕು. 8 ಇದ್ದರೆ ಸಾಕು. ತೀರ ಹಳೆಯ ಪೆಟ್ಟಿಗೆಗಳಲ್ಲಿ 5 ವೋಲ್ಟಿಗೆ 25, 30 ಆಂಪಿಯರ್ ಬರೆದು 12ಕ್ಕೆ ಕಡಿಮೆ ಬರೆದಿರುತ್ತಾರೆ. ದೊಡ್ಡ ವ್ಯಾಟಿನ ಸಂಖ್ಯೆ ನೋಡಿ ಮೋಸಹೋಗಬಾರದು. ಹಿಂದುಗಡೆ 115, 230 ಎಂದು ಬರೆದ ಸಣ್ಣ ಕೆಂಪು ಸ್ವಿಚ್ಚು ಇದ್ದರೆ ಅದು 230ರಲ್ಲಿಯೇ ಇರಬೇಕು. ಮಕ್ಕಳು ಆಡುತ್ತ ಅದನ್ನು 115ಕ್ಕೆ ಸರಿಸಿದ್ದು ಗೊತ್ತಾಗದೆ ಪ್ಲಗ್ ಹಾಕಿದರೆ ಪಟಾಕಿಯಂತೆ ಸದ್ದಾಗಿ ಒಳಗಿನದೆಲ್ಲ ಸುಡುತ್ತದೆ. ಆ ಸ್ವಿಚ್ಚಿನ ಮೇಲೆ ಗಟ್ಟಿ ಟೇಪು ಅಂಟಿಸಿಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚಬೇಡಿ. ಅನೇಕರು ಅದನ್ನು ಬಿಚ್ಚಿ, ತಂತಿ ಕತ್ತರಿಸಿ, ಮೈಗೆ ತೂತು ಕೊರೆದು ಟರ್ಮಿನಲ್ ಕೂಡಿಸುತ್ತಾರೆ. ನೋಡಲು ಚಂದ, ಆದರೆ ನಮಗೆ ಬೇಡ. ಒಳಗೆ 230 ವೋಲ್ಟಿನ ವಿದ್ಯುತ್ತು ನೇರ ವಿದ್ಯುತ್ತಾಗಿ ಸುಮಾರು 325 ವೋಲ್ಟಿನಂತೆ ದೊಡ್ಡ ಕೆಪಾಸಿಟರುಗಳಲ್ಲಿ ನಿಲ್ಲುತ್ತದೆ. ಪ್ಲಗ್ ತೆಗೆದ ಮೇಲೂ ಅದು ಬಹಳ ಹೊತ್ತು ಅಲ್ಲಿಯೇ ಇರಬಹುದು. ಒಳಗಿನ ಅಲ್ಯುಮಿನಿಯಮ್ ಪಟ್ಟಿಗಳಲ್ಲಿಯೂ ಆ ವಿದ್ಯುತ್ತು ಇರುವುದುಂಟು. ಬೆರಳು ತಾಗಿದರೆ ಪ್ರಾಣಕ್ಕೇ ಅಪಾಯ. ನಮಗೆ ಬೇಕಾದದ್ದೆಲ್ಲ ಹೊರಗೆ ಬಂದ ತಂತಿಯ ಗೊಂಚಲಿನಲ್ಲಿಯೇ ಇದೆ.

ಕೆಲಸ ಹೀಗೆ. ಪ್ಲಗ್ ತೆಗೆದಿರಲಿ. ದೊಡ್ಡ ಕನೆಕ್ಟರಿನಲ್ಲಿ, ಅದು 20 ತೂತಿನದಿರಲಿ 24 ತೂತಿನದಿರಲಿ, ಹಸಿರು ತಂತಿಯ ತೂತಿಗೂ ಪಕ್ಕದ ಕರಿ ತಂತಿಯ ತೂತಿಗೂ ಒಂದು ಸಣ್ಣ ಸ್ವಿಚ್ಚಿನ ಎರಡು ತಂತಿಗಳನ್ನು ಬಿಗಿಯಾಗಿ ತೂರಿಸಿ ಟೇಪು ಸುತ್ತಬೇಕು. ಕನೆಕ್ಟರನ್ನು ಕತ್ತರಿಸಬೇಡಿ. ಕೆಲವು ಪೆಟ್ಟಿಗೆಗಳಲ್ಲಿ ಕಿತ್ತಳೆ ತಂತಿಯ ಜೊತೆ ಒಂದು ಕಂದು ತಂತಿ ಅದೇ ತೂತಿಗೆ ಬಂದಿರುತ್ತದೆ. ಒತ್ತಡ ಅಳೆಯುವ ತಂತಿ ಅದು. ಕತ್ತರಿಸಿದವರು ಅದನ್ನು ಬಿಡಿಯಾಗಿ ಬಿಟ್ಟು, ಪೆಟ್ಟಿಗೆ ಚಾಲೂ ಆಗದೆ ತಲೆ ಕೆರೆದುಕೊಳ್ಳುತ್ತಾರೆ.

ಇನ್ನು ಹಾರ್ಡ್ ಡಿಸ್ಕಿಗೆ ಹೋಗುತ್ತಿದ್ದ ನಾಲ್ಕು ತಂತಿಯ ಬಿಳಿ ಕನೆಕ್ಟರುಗಳು: ಒಂದು ಹಳದಿ, ಎರಡು ಕರಿ, ಒಂದು ಕೆಂಪು. ಒಂದು ಕನೆಕ್ಟರಿನ ಕೆಂಪಿಗೂ ಕರಿಗೂ ನಡುವೆ 10 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರನ್ನು ಕೂಡಿಸಬೇಕು. ಹುಬ್ಬಳ್ಳಿಯ ರೇಡಿಯೋ ಬಿಡಿಭಾಗಗಳ ಅಂಗಡಿಗಳಲ್ಲಿ ಇದು ಸಿಗುತ್ತದೆ. ಇದು ಯಾಕೆಂದರೆ, ಹಳೆಯ ಪೆಟ್ಟಿಗೆಗಳು 5 ವೋಲ್ಟಿನ ಕಡೆ ಸ್ವಲ್ಪವಾದರೂ ಭಾರವಿಲ್ಲದಿದ್ದರೆ ನಿಂತುಬಿಡುತ್ತವೆ, ಇಲ್ಲವೇ 12 ವೋಲ್ಟಿನ ಕಡೆ ಭಾರ ಬಿದ್ದಾಗ ಅದು ಕುಗ್ಗುತ್ತದೆ. ರೆಸಿಸ್ಟರು ಅರ್ಧ ಆಂಪಿಯರ್ ತೆಗೆದುಕೊಂಡು ಎರಡೂವರೆ ವ್ಯಾಟಿನಷ್ಟು ಕಾಯುತ್ತದೆ. ಕೈ ಸುಡುವಷ್ಟು ಬಿಸಿಯಾಗುವುದರಿಂದ ತಗಡಿನ ತುಂಡಿಗೆ ಕಟ್ಟಿ, ತಂತಿಗಳಿಂದ ದೂರ ಇಡತಕ್ಕದ್ದು.

ಮತ್ತೆರಡು ಕನೆಕ್ಟರುಗಳ ಹಳದಿ ತಂತಿಗಳನ್ನು ಒಟ್ಟುಗೂಡಿಸಿ, ಕರಿಯವನ್ನು ಒಟ್ಟುಗೂಡಿಸಿ, ಹಲಗೆಯ ಮೇಲೆ ಕೂರಿಸಿದ ಸ್ಕ್ರೂ ಕನೆಕ್ಟರಿಗೆ ತರಬೇಕು. ಹಳದಿಯ ದಾರಿಯಲ್ಲಿ ಮೋಟಾರು ಗಾಡಿಗೆ ಹಾಕುವ 7.5 ಆಂಪಿಯರಿನ ಫ್ಯೂಸು. ಲೆಕ್ಕ ಸರಳ: 50 ವ್ಯಾಟಿನ ಚಾರ್ಜರು, ತನ್ನಲ್ಲಿ ಕಳೆಯುವುದನ್ನೂ ಹಿಡಿದರೆ, ಪೆಟ್ಟಿಗೆಯಿಂದ 5 ಆಂಪಿಯರಿನ ಮೇಲೆ ಸ್ವಲ್ಪ ಎಳೆಯುತ್ತದೆ. ಉಪಯೋಗಿಸದ ಉಳಿದ ತಂತಿಗಳ ಬಾಯಿಗೆಲ್ಲ ಟೇಪು ಸುತ್ತಿ ಕಟ್ಟಿಡಿ. ಕೆಂಪು, ಕಿತ್ತಳೆ ತಂತಿಗಳಲ್ಲಿ ವೋಲ್ಟು ಕಡಿಮೆಯಾದರೂ ಆಂಪಿಯರು ಹೆಚ್ಚು, ಒಂದಕ್ಕೊಂದು ತಾಗಿದರೆ ತಂತಿ ಕೆಂಪಗೆ ಕಾಯುತ್ತದೆ.

ಈಗ ಪ್ಲಗ್ ಹಾಕಿ ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಬೇಕು. ಈ ಸಲ ಸರಿಯಾದ ಕಾರಣಕ್ಕೆ. ಮೀಟರಿನಲ್ಲಿ ಹಳದಿ 11.4ಕ್ಕೂ 12.6ಕ್ಕೂ ನಡುವೆ ತೋರಿಸಬೇಕು. ಅಷ್ಟಕ್ಕೇ ತೃಪ್ತರಾಗಬೇಡಿ. ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಹತ್ತು ನಿಮಿಷ ಉರಿಸಿ ಮತ್ತೆ ಅಳೆಯಿರಿ. ಅದು ನಾಲ್ಕೂವರೆ ಆಂಪಿಯರ್ ಎಳೆಯುವುದರಿಂದ ಒಳ್ಳೆಯ ಪರೀಕ್ಷೆ. ಆಗಲೂ 11.4ಕ್ಕಿಂತ ಕೆಳಗೆ ಹೋಗದಿದ್ದರೆ, ಸುಟ್ಟ ವಾಸನೆ ಬರದಿದ್ದರೆ, ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ. ನಾವು ಪರೀಕ್ಷಿಸಿದ ಪೆಟ್ಟಿಗೆಗಳಲ್ಲಿ ಎರಡು ಬಲ್ಬು ಹಚ್ಚಿದೊಡನೆ ಸತ್ತವು. ತೋಟದಲ್ಲಿ ಸಾಯುವ ಬದಲು ಕಾರ್ಯಾಲಯದಲ್ಲಿ ಸತ್ತದ್ದು ಒಳ್ಳೆಯದೇ ಆಯಿತು.

ಚಾರ್ಜರಿನ ಒಳಬರುವ ತಂತಿಗಳನ್ನು ಪ್ಲಸ್ ಮೈನಸ್ ನೋಡಿ ಸ್ಕ್ರೂ ಕನೆಕ್ಟರಿಗೆ ಬಿಗಿಯಿರಿ. ಹೊರಹೋಗುವ ತಂತಿಗಳ ವಿಷಯದಲ್ಲಿ ಒಂದು ಕ್ರಮವಿದೆ: ಮೊದಲು ಚಾರ್ಜರಿಗೆ ಚುಚ್ಚಬೇಕು, ಆಮೇಲೆ ಬ್ಯಾಟರಿಗೆ ಕ್ಲಿಪ್ ಹಚ್ಚಬೇಕು. ತೆಗೆಯುವಾಗ ತಿರುಗಿ, ಮೊದಲು ಬ್ಯಾಟರಿಯಿಂದ. ಈ ಕ್ರಮ ತಪ್ಪಿದರೆ ತಂತಿಯ ಬಿಡಿ ತುದಿಗಳು ಒಂದನ್ನೊಂದು ತಾಗಿ ಬ್ಯಾಟರಿಯೇ ಕಿಡಿ ಕಾರುತ್ತದೆ.

ಚಾರ್ಜರಿನ ಪರದೆಯಲ್ಲಿ ಬ್ಯಾಟರಿಯ ಜಾತಿಯನ್ನು ಆರಿಸಬೇಕು. ಸೀಸದ ಬ್ಯಾಟರಿಗೆ 'ಪಿ', 'ಬಿ' ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಸೀಸದ ಲ್ಯಾಟಿನ್ ಹೆಸರು ಪ್ಲಂಬಮ್, ಅದರ ಸಂಕೇತ. ಅಲ್ಲಿ 12 ವೋಲ್ಟ್, ಆರು ಕೋಶ ಎಂದು ಆರಿಸಿ. ದೊಡ್ಡ ಟಾರ್ಚಿನ 6 ವೋಲ್ಟಿನ ಬ್ಯಾಟರಿಯಾದರೆ ಮೂರು ಕೋಶ. ಪಂಪಿನ 8 ಆಂಪಿಯರ್-ಗಂಟೆಯ ಬ್ಯಾಟರಿಗೆ ಹತ್ತರಲ್ಲಿ ಒಂದು ಪಾಲು, ಅಂದರೆ 0.8 ಆಂಪಿಯರ್ ಇಟ್ಟು ರಾತ್ರಿಯೆಲ್ಲ ಬಿಡುವುದು ಬ್ಯಾಟರಿಗೆ ಹಿತ. ಅವಸರವಿದ್ದರೆ ಒಂದೂವರೆಯ ತನಕ ಏರಿಸಬಹುದು. ಬೇಲಿಗೆ ಕೂಡಿಸುವ 40 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಗೆ 4 ಇಟ್ಟರೂ 50 ವ್ಯಾಟಿನ ಚಾರ್ಜರು ಅಷ್ಟು ಕೊಡಲಾರದೆ ತಾನಾಗಿಯೇ ಮೂರೂವರೆಗೆ ಇಳಿಯುತ್ತದೆ. ಅದರಲ್ಲಿ ದೋಷವಿಲ್ಲ, ಸ್ವಲ್ಪ ಹೊತ್ತು ಹೆಚ್ಚು ಅಷ್ಟೇ. ವಿದ್ಯುತ್ತಿನ ಖರ್ಚು ಕೇಳುವವರಿಗೆ: ಪಂಪಿನ ಬ್ಯಾಟರಿ ಹಿಡಿಯುವುದು 96 ವ್ಯಾಟ್-ಗಂಟೆ. ಸೋರಿಕೆ, ಫ್ಯಾನು, ರೆಸಿಸ್ಟರು ಎಲ್ಲ ಸೇರಿ ಯೂನಿಟ್ಟಿನ ಐದನೆಯ ಒಂದು ಪಾಲಿನ ಆಸುಪಾಸು.

ತುಂಬಿದ ಮೇಲೆ ಮೂರು ನಾಲ್ಕು ತಾಸು ಬಿಟ್ಟು ಅಳೆದಾಗ 12.7 ಇದ್ದರೆ ಬ್ಯಾಟರಿ ಆರೋಗ್ಯವಾಗಿದೆ. 12.2 ಎಂದರೆ ಅರ್ಧ, 11.8 ಎಂದರೆ ಬರಿದು. ಎಷ್ಟು ಚಾರ್ಜು ಮಾಡಿದರೂ ಹತ್ತೂವರೆಯ ಸುತ್ತಲೇ ನಿಂತರೆ ಆರರಲ್ಲಿ ಒಂದು ಕೋಶ ಸತ್ತಿದೆಯೆಂದು ತಿಳಿಯಬೇಕು, ಅದರ ಮೇಲೆ ಮತ್ತೆ ವಿದ್ಯುತ್ತು ಸುರಿಯಬಾರದು. ಔಷಧ ಹೊಡೆಯುವ ಹಿಂದಿನ ದಿನವೇ ಅಳೆದಿಟ್ಟುಕೊಂಡರೆ ನಮ್ಮಂತೆ ಡ್ರಮ್ಮಿನ ಮುಂದೆ ನಿಂತು ಪೇಚಾಡುವ ಪ್ರಸಂಗ ಬರುವುದಿಲ್ಲ. ಕಾಫಿಯ ಎಲೆತುಕ್ಕಿಗೆ ಅರ್ಧ ಪ್ರತಿಶತ ಬೋರ್ಡೋ ಹೊಡೆಯುವವರಿಗೂ ಇದೇ ಮಾತು.

ಹೊಸ ಪಂಪುಗಳಲ್ಲಿ ಕೆಲವದರ ಬ್ಯಾಟರಿ ಲಿಥಿಯಮ್ಮಿನದು. ಮೈಮೇಲಿನ ಚೀಟಿ ನೋಡದೆ ಅದನ್ನು ಸೀಸದ ಲೆಕ್ಕದಲ್ಲಿ ಚಾರ್ಜು ಮಾಡಲೇಬಾರದು. ಮೂರು ಕೋಶದ ಲಿಥಿಯಮ್-ಅಯಾನ್ ಬ್ಯಾಟರಿ 12.6 ವೋಲ್ಟಿಗೇ ತುಂಬಿರುತ್ತದೆ, ಅದಕ್ಕೆ 14.4 ಕೊಟ್ಟರೆ ಬೆಂಕಿ ಹತ್ತುವ ಸಂಭವವಿದೆ. ಟೊಂಗೆ ಕತ್ತರಿಸುವ ಬ್ಯಾಟರಿ ಗರಗಸ ಮುಂತಾದವಕ್ಕೆ ಅವುಗಳ ಜೊತೆ ಬಂದ ಚಾರ್ಜರೇ ಸರಿ, ಇಲ್ಲಿ ಜಾಣತನ ಬೇಡ.

ಅರ್ಥಿಂಗಿನ ವಿಷಯವನ್ನು ನಮ್ಮ ಕಡೆ ಬಹಳ ಹಗುರಾಗಿ ತೆಗೆದುಕೊಳ್ಳುತ್ತಾರೆ. ಈ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ ಇರುವುದು ಶೋಭೆಗಲ್ಲ. ಅರ್ಥ್ ಇಲ್ಲದ ಕಡೆ ಕೂಡಿಸಿದರೆ ಪೆಟ್ಟಿಗೆಯ ತಗಡು ಮುಟ್ಟಿದಾಗ ಜುಮ್ಮೆನ್ನುತ್ತದೆ, ಕರಿ ತಂತಿ ಆ ತಗಡಿಗೇ ಕೂಡಿರುವುದರಿಂದ ಆ ಜುಮ್ಮು ಬ್ಯಾಟರಿಯ ತನಕವೂ ಬರಬಹುದು. ಪಂಪ್‌ಸೆಟ್ಟಿನ ಮನೆಯಲ್ಲಿ, ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ನಿಂತು ಇದನ್ನು ಬಳಸಬಾರದು. ಒಣಗಿದ ಜಾಗದಲ್ಲಿ, ಹಲಗೆಯ ಮೇಲೆ, ಅಡಿಕೆ ಸಿಪ್ಪೆಯ ಧೂಳಿನಿಂದ ದೂರ ಇಡಿ. 30 ಮಿಲಿ ಆಂಪಿಯರಿನ ಸೋರಿಕೆ ಸ್ವಿಚ್ಚು ಮನೆಯ ಬೋರ್ಡಿನಲ್ಲಿದ್ದರೆ ಇನ್ನೂ ಉತ್ತಮ. ಬೇಲಿಯ ಬ್ಯಾಟರಿಯನ್ನು ಬೇಲಿ ಯಂತ್ರದಿಂದ ಬಿಚ್ಚಿ ತಂದೇ ಚಾರ್ಜು ಮಾಡಬೇಕು. ಅನೇಕ ಚಾರ್ಜರುಗಳಲ್ಲಿ ಒಳಬರುವ ಮೈನಸ್ಸೂ ಹೊರಹೋಗುವ ಮೈನಸ್ಸೂ ಒಂದೇ ಅಲ್ಲ, ಬೇಲಿಯ ಅರ್ಥ್ ಮೂಲಕ ಅವೆರಡೂ ಕೂಡಿದರೆ ಚಾರ್ಜರು ಸುಡುತ್ತದೆ. 24 ವೋಲ್ಟ್ ಬೇಕೆಂದು ಎರಡು ಪೆಟ್ಟಿಗೆಗಳನ್ನು ಸಾಲಾಗಿ ಕೂಡಿಸುವ ಪ್ರಯತ್ನವನ್ನೂ ಮಾಡಬೇಡಿ. ಎರಡರ ಮೈನಸ್ಸೂ ಅರ್ಥಿಗೆ ಕೂಡಿರುವುದರಿಂದ ಅದು ನೇರ ಶಾರ್ಟು. ನೀರು ಹಾಕುವ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಬಿಡುತ್ತದೆ. ಕಿಟಕಿ ತೆರೆದಿರಲಿ, ಬೀಡಿ ದೂರವಿರಲಿ.

ಒಂದು ಮಾತು ಬಿಚ್ಚಿ ಹೇಳಬೇಕು. ಮನೆಯಲ್ಲಿ ಇರುವುದು ಒಂದೇ ಪಂಪು ಎಂಬುವವರು ಈ ಎಲ್ಲ ಉಸಾಬರಿಗೆ ಹೋಗದೆ ಪಂಪಿನದೇ ಹೊಸ ಚಾರ್ಜರು ಕೊಳ್ಳುವುದು ಸುಲಭ. ಅದಕ್ಕೆ ಹೆಚ್ಚು ಬೆಲೆಯಿಲ್ಲ. ಪಂಪು, ಬೇಲಿ, ಟಾರ್ಚು ಎಂದು ನಾಲ್ಕು ತರದ ಬ್ಯಾಟರಿ ಇಟ್ಟುಕೊಂಡವರಿಗೆ, ಮೀಟರು ಹಿಡಿಯಲು ಬರುವ ಹುಡುಗ ಮನೆಯಲ್ಲಿರುವವರಿಗೆ ಇದು ಲಾಭದ ಕೆಲಸ. ನಮ್ಮ ಹಲಗೆ 2019ರ ದೀಪಾವಳಿಯಿಂದ ನಡೆಯುತ್ತಿದೆ. ಪೆಟ್ಟಿಗೆಯನ್ನು ಒಮ್ಮೆ ಬದಲಿಸಿದೆವು, ಫ್ಯೂಸು ಎರಡು ಸಲ ಹೋಯಿತು, ಬ್ಯಾಟರಿ ಒಂದೂ ಅದರಿಂದ ಕೆಟ್ಟಿಲ್ಲ.

ಸತ್ತ ಪೆಟ್ಟಿಗೆಯನ್ನು ಗುಜರಿಯವರಿಗೆ ಕೊಟ್ಟರೆ ಅವರು ತಾಮ್ರಕ್ಕಾಗಿ ತಂತಿ ಸುಟ್ಟು ಊರಿಗೆಲ್ಲ ಹೊಗೆ ಹಾಕುತ್ತಾರೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಿಂದಲೇ ಇ-ಪರಿಸರ ಎಂಬ ಸಂಸ್ಥೆ ಇಂಥ ಕಸವನ್ನು ಕ್ರಮವಾಗಿ ಬಿಡಿಸುವ ಕೆಲಸ ಆರಂಭಿಸಿತು, ಈಗ ಅಂಥ ಪರವಾನಿಗೆಯುಳ್ಳವರು ಬೇರೆಯವರೂ ಇದ್ದಾರೆ. ಸತ್ತ ಪೆಟ್ಟಿಗೆಗಳನ್ನು ಕಾರ್ಯಾಲಯಕ್ಕೆ ತಂದಿಟ್ಟರೆ ಒಟ್ಟಾಗಿ ಕಳಿಸುತ್ತೇವೆ. ಹಳೆಯ ಸೀಸದ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವ ಅಂಗಡಿಗೇ ಮರಳಿ ಕೊಡಿ, ಅದರ ಬೆಲೆಯನ್ನೂ ಮುರಿದುಕೊಳ್ಳುತ್ತಾರೆ. ಬಾವಿಯ ದಂಡೆಯ ಮೇಲೆ ಒಡೆದು ಸೀಸ ತೆಗೆಯುವ ಕೆಲಸ ಮಾತ್ರ ಯಾರೂ ಮಾಡಬಾರದು.

ಕಾರ್ಯಾಲಯದಲ್ಲಿ ಈಗ ನಾಲ್ಕು ಪೆಟ್ಟಿಗೆ ಉಳಿದಿವೆ. ಶನಿವಾರ ಮಧ್ಯಾಹ್ನ ಮೀಟರು, ಹೆಡ್‌ಲೈಟ್ ಬಲ್ಬು ಎರಡೂ ಮೇಜಿನ ಮೇಲಿರುತ್ತವೆ. ಒಯ್ಯುವವರು ಅಲ್ಲಿಯೇ ಹತ್ತು ನಿಮಿಷ ಬಲ್ಬು ಉರಿಸಿ ನೋಡಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬೇಕು. ಮುಚ್ಚಳದ ಸ್ಕ್ರೂಗಳ ಮೇಲೆ ಸಂಘದ ಚೀಟಿ ಅಂಟಿಸಿರುತ್ತೇವೆ. ಚೀಟಿ ಹರಿದ ಪೆಟ್ಟಿಗೆಯನ್ನು ದುರಸ್ತಿಗೆಂದು ಮರಳಿ ತಂದರೆ ನಾವು ಮುಟ್ಟುವುದಿಲ್ಲ.